ರೊಟ್ಟಿ ಮನೆಗೆ ದಂಡು ಹೋದದ್ದು

ಆ ಗೋಡೆಯ ಮೇಲೆ ಕೆಂಪು ಗೆರೆ ಎಳೆದವರು ಯಾರು ಎಂದು ಕೇಳಿದರೆ ನನ್ನ ನೆನಪು ತಕ್ಷಣ ಒಬ್ಬ ವಿದ್ಯಾರ್ಥಿಯ ಕೈಗೆ ಕುಂಚ ಕೊಡುತ್ತದೆ. ಎತ್ತರದ ಹುಡುಗ, ನೀಲಿ ಅಂಗಿ, ಎಡಗೈಯಲ್ಲಿ ಕೆಮ್ಮಣ್ಣು ಕಲೆಸಿದ ನೀರಿನ ಡಬ್ಬಿ. ಚಿತ್ರ ಬಹಳ ಸ್ಪಷ್ಟವಾಗಿದೆ. ಅಷ್ಟು ಸ್ಪಷ್ಟವಾಗಿರುವುದರಿಂದಲೇ ನನಗೆ ಅದರ ಮೇಲೆ ನಂಬಿಕೆ ಇಲ್ಲ. ಆ ದಿನದ ಉಳಿದದ್ದೆಲ್ಲ ಮಸುಕಾಗಿರುವಾಗ ಇದೊಂದು ಮಾತ್ರ ಯಾಕೆ ಹೀಗೆ ತೊಳೆದಿಟ್ಟ ಹಾಗಿರಬೇಕು?

ಗೋಡೆ ಇದ್ದದ್ದು ಬ್ಯಾಡಗಿಯ ಅಂಚಿನಲ್ಲಿ, ರಾಣೆಬೆನ್ನೂರಿನ ಕಡೆಗೆ ಹೋಗುವ ಒಂದು ಹಳೆಯ ದಾರಿಯ ಪಕ್ಕ. 'ಇದ್ದದ್ದು' ಎಂದು ಬರೆಯಬೇಕಾಗಿ ಬಂದದ್ದು ನನ್ನಿಂದ.

ನಾನು ಹಾವೇರಿಯ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಕಥೆಗಳನ್ನೂ ಬರೆಯುತ್ತೇನೆ. ಅವುಗಳಲ್ಲಿ ತಲೆ ಯಾವುದು ಬಾಲ ಯಾವುದು ತಿಳಿಯುವುದಿಲ್ಲ ಎಂದು ನನ್ನ ಹೆಂಡತಿಯ ದೂರು. ಇದನ್ನು ಮಾತ್ರ ಆದ ಕ್ರಮದಲ್ಲೇ ಹೇಳಬೇಕೆಂದಿದ್ದೇನೆ. ಕ್ರಮ ತಪ್ಪಿಸಿದರೆ ನಾನು ಅದರೊಳಗೆ ಎಲ್ಲಾದರೂ ಅಡಗಿಕೊಂಡುಬಿಡುತ್ತೇನೆ.

ಕಳೆದ ಚಳಿಗಾಲದಲ್ಲಿ ಮಧ್ಯಯುಗದ ಯುರೋಪಿನ ಪಾಠ ನಡೆದಿತ್ತು. ಫ್ರಾನ್ಸಿನ ಸಿಂಹಾಸನ ತಮ್ಮದೆಂದು ಇಂಗ್ಲಿಷ್ ದೊರೆಗಳು ಕಡಲು ದಾಟಿ ಬಂದು ನೂರು ವರ್ಷಕ್ಕೂ ಮಿಕ್ಕಿ ನಡೆಸಿದ ಯುದ್ಧ. ಅದರಲ್ಲಿ ದೊಡ್ಡ ಕಾಳಗಗಳು ಬೆರಳೆಣಿಕೆಯಷ್ಟು. ಬಹುಪಾಲು ಯುದ್ಧವೆಂದರೆ ದಂಡು ಕಟ್ಟಿಕೊಂಡು ಹೋಗುವುದು, ಸುಟ್ಟು ಬರುವುದು. ಫ್ರೆಂಚರು ಅದಕ್ಕೆ ಇಟ್ಟ ಹೆಸರಿನ ಅರ್ಥ ಕುದುರೆ ಸವಾರಿ, ಅಷ್ಟೆ. ಇಂಗ್ಲೆಂಡಿನ ದೊರೆಯ ಹಿರಿಯ ಮಗ ಒಂದು ವರ್ಷ ಫ್ರಾನ್ಸಿನ ಪಶ್ಚಿಮ ಕರಾವಳಿಯ ಕಡೆಯಿಂದ ಹೊರಟು ದಕ್ಷಿಣದ ಕಡಲಿನ ಹತ್ತಿರದವರೆಗೂ ಹೀಗೆ ಸವಾರಿ ಹೋಗಿ ಮರಳಿದ. ದಂಡು ಒಂದೇ ಸಾಲಿನಲ್ಲಿ ಹೋಗಲಿಲ್ಲ. ಮೂರು ಭಾಗವಾಗಿ ಪಕ್ಕಪಕ್ಕದ ದಾರಿ ಹಿಡಿಯಿತು, ಹೆಚ್ಚು ಅಗಲ ಸುಡಬಹುದು ಎಂದು. ಗಟ್ಟಿ ಕೋಟೆ ಕಂಡರೆ ಪಕ್ಕಕ್ಕೆ ಸರಿಯಿತು. ಹಿಟ್ಟಿನ ಗಿರಣಿ, ಕಣಜ, ಹುಲ್ಲಿನ ಮಾಡು, ದ್ರಾಕ್ಷಾರಸದ ಪೀಪಾಯಿಗಳೇ ಅದರ ಶತ್ರುಗಳು.

ಕರ್ಜಗಿಯಿಂದ ದಿನಾ ಸ್ಕೂಟಿಯಲ್ಲಿ ಬರುವ ಹುಡುಗಿಯೊಬ್ಬಳು ಮುಂದಿನ ಬೆಂಚಿನಿಂದ ಎದ್ದಳು.

"ಸರ್, ಊರು ಇಟ್ಕೊಳ್ಳಾಂಗಿಲ್ಲಂದ್ರ ಯಾಕ ಸುಡಬೇಕ್ರಿ?"

"ನಿಮ್ಮ ರಾಜ ನಿಮ್ಮನ್ನ ಕಾಯಾಂಗಿಲ್ಲ ಅಂತ ತೋರಿಸಾಕ."

"ಅದನ್ನ ಬಾಯಿಲೆ ಹೇಳಿದ್ರ ಆಗ್ತಿದ್ದಿಲ್ಲೇನ್ರಿ?"

ತರಗತಿ ನಕ್ಕಿತು. ನಾನೂ ನಕ್ಕೆ. ಆದರೆ ಪ್ರಶ್ನೆ ಒಳ್ಳೆಯದಿತ್ತು, ಉತ್ತರಕ್ಕೆ ಫ್ರಾನ್ಸಿನ ನಕಾಶೆ ಸಾಲದು ಅನ್ನಿಸಿತು. ನಮ್ಮ ಮಕ್ಕಳಿಗೆ ಅಲ್ಲಿನ ಊರುಗಳ ಹೆಸರು ಬಾಯಲ್ಲಿ ನಿಲ್ಲುವುದಿಲ್ಲ, ದೂರ ತಿಳಿಯುವುದಿಲ್ಲ. ಹಾಗಾಗಿ ಆ ಸವಾರಿಯನ್ನೇ ನಮ್ಮ ನೆಲಕ್ಕೆ ತಂದೆ. ಒಂದು ಭಾನುವಾರ ಮೋಟಾರ್ ಸೈಕಲ್ಲುಗಳಲ್ಲಿ ಹಾವೇರಿಯಿಂದ ಹೊರಡುವುದು. ಹೆದ್ದಾರಿ ಬೇಡ, ಹಳ್ಳಿಗಳ ಒಳದಾರಿ ಹಿಡಿದು ಬ್ಯಾಡಗಿ, ಅಲ್ಲಿಂದ ರಾಣೆಬೆನ್ನೂರು, ಕೊನೆಗೆ ಐರಣಿಯ ತುಂಗಭದ್ರೆಯೇ ನಮ್ಮ ದಕ್ಷಿಣದ ಕಡಲು. ದಂಡಿನ ಹಾಗೆಯೇ ಮೂರು ಗುಂಪು. ದಾರಿಯಲ್ಲಿ ಆ ಕಾಲದ ದಂಡು ಏನನ್ನು ಸುಡುತ್ತಿತ್ತೋ ಅಂಥ ಮನೆ, ಗಿರಣಿ, ಬಣವೆಯ ಪಕ್ಕದ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಒಂದು ಅಡ್ಡಗೆರೆ, ಅದರ ಕೆಳಗೆ ಎಷ್ಟನೆಯದೆಂದು ಒಂದು ಅಂಕಿ. ಮರಳಿ ಬಂದ ಮೇಲೆ ಆ ಅಂಕಿಗಳನ್ನು ನಕಾಶೆಗೆ ಇಳಿಸಿದರೆ ಸುಟ್ಟ ನೆಲದ ಆಕಾರ ಕಣ್ಣಿಗೆ ಕಾಣುತ್ತದೆ. ಮನೆಯವರನ್ನು ಕೇಳದೆ ಗುರುತು ಹಾಕಬಾರದು ಎಂದು ನಾನೇ ನಿಯಮ ಮಾಡಿದ್ದೆ. ಕೆಮ್ಮಣ್ಣು ಮೊದಲ ಮಳೆಗೆ ತೊಳೆದು ಹೋಗುತ್ತದೆ ಎಂದೂ ಹೇಳಿದ್ದೆ.

ದಿನ ಬಹಳ ಖುಷಿಯಲ್ಲಿ ಹೋಯಿತು. ಈ ವಾಕ್ಯವನ್ನು ತೆಗೆಯಬೇಕೆಂದು ಎರಡು ಸಲ ಯೋಚಿಸಿದೆ, ತೆಗೆದಿಲ್ಲ. ಅಗಡಿಯಲ್ಲಿ ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಅಜ್ಜ ನಮ್ಮ ಗಾಡಿಗಳ ಸಾಲು ನೋಡಿ ಕೇಳಿದ, "ಏನ್ರಪಾ, ಎಲೆಕ್ಷನ್ ಬಂತೇನು?"

"ಇಲ್ಲಜ್ಜಾ, ಇಂಗ್ಲೆಂಡಿನ ದಂಡು. ನಿನ್ನ ಬಣವಿ ಸುಡಾಕ ಬಂದೇವಿ."

"ಸುಡ್ರಿ ಸುಡ್ರಿ. ಮದಲ ಒಳಗ ಬಂದು ಚಾ ಕುಡೀರಿ. ಬಣವಿ ಎಲ್ಲೂ ಓಡಿ ಹೋಗಾಂಗಿಲ್ಲ."

ಬ್ಯಾಡಗಿಯ ಹತ್ತಿರ ಬಂದಾಗ ಗಾಳಿಯಲ್ಲಿ ಮೆಣಸಿನಕಾಯಿ ಇತ್ತು. ಅದು ಸುಗ್ಗಿಯ ಕಾಲ. ನನ್ನ ಗುಂಪಿನ ಅರ್ಧ ಜನ ಸೀನುತ್ತಲೇ ಊರು ದಾಟಿದರು. ಊರ ಅಂಚಿನಲ್ಲಿ ಆ ಮನೆ. ಹಂಚಿನ ಮಾಡು, ದಾರಿಯ ಕಡೆಗೆ ಚಾಚಿಕೊಂಡ ಒಂದು ಮುಂಗೋಣೆ, ಅದರ ಬಾಗಿಲ ಪಕ್ಕದಲ್ಲಿ ಕೈಬರಹ: 'ಖಡಕ್ ರೊಟ್ಟಿ ಸಿಗುತ್ತವೆ'. ಬಾಗಿಲಿಗೆ ಬೀಗ, ಪಕ್ಕದ ಅಂಗಡಿಯೂ ಮುಚ್ಚಿತ್ತು. ಕೇಳಲು ಯಾರೂ ಇರಲಿಲ್ಲ. ನಮ್ಮಲ್ಲೊಬ್ಬರು ಅಂದರು, "ಸರ್, ದಂಡು ಬಂತಂತ ಮಂದಿ ಓಡಿ ಹೋಗ್ಯಾರ. ಸುಟ್ಟುಬಿಡ್ರಿ." ಎಲ್ಲರೂ ನಕ್ಕರು. ನನ್ನ ನಗು ನನಗೆ ನೆನಪಿದೆ. ಗೆರೆ ಬಿತ್ತು. ನಮ್ಮ ಗುಂಪಿಗೆ ಅದು ಒಂಬತ್ತನೆಯ ಮನೆ. ಗೆರೆಯ ಕೆಳಗೆ ಒಂಬತ್ತು ಎಂದು ಬರೆದೆವು.

ಬರೆದೆವು. ಈ 'ವು' ಎಷ್ಟು ಅನುಕೂಲದ್ದು.

ನಕಾಶೆ ಚೆನ್ನಾಗಿ ಬಂತು. ತರಗತಿಯ ಗೋಡೆಗೆ ಅಂಟಿಸಿದೆವು. ಬೇಸಿಗೆ ಶುರುವಾದಾಗ ನಾನು ಆ ಸವಾರಿಗಳ ಬಗ್ಗೆ ಕನ್ನಡದಲ್ಲಿ ಒಂದು ಚಿಕ್ಕ ಪುಸ್ತಕ ಬರೆಯಲು ಕೂತಿದ್ದೆ. ಮುಖಪುಟಕ್ಕೆ ಅಂಥ ಒಂದು ಗುರುತಿನ ಫೋಟೋ ಹಾಕಬೇಕು ಅನ್ನಿಸಿತು. ಬೇರೆ ಗೋಡೆಗಳ ಮೇಲಿನದು ಬಿಸಿಲಿಗೆ ಉದುರಿತ್ತು. ರೊಟ್ಟಿ ಮನೆಯ ಗುರುತು ಸೂರಿನ ನೆರಳಿನಲ್ಲಿತ್ತಾದ್ದರಿಂದ ಉಳಿದಿರಬಹುದೆಂದು ಒಬ್ಬನೇ ಗಾಡಿ ಹತ್ತಿ ಬ್ಯಾಡಗಿಗೆ ಹೋದೆ.

ಮುಂಗೋಣೆ ಇರಲಿಲ್ಲ. ಮನೆಗೆ ಮುಖವೇ ಇಲ್ಲದ ಹಾಗೆ ಒಳಗಿನ ಗೋಡೆ, ದೇವರ ಗೂಡು, ಹಗ್ಗದ ಮೇಲಿನ ಸೀರೆ ಎಲ್ಲ ದಾರಿಗೆ ಕಾಣುತ್ತಿದ್ದವು. ಹಂಚುಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಿದ್ದರು. ತೊಲೆಗಳು ಒಂದು ಕಡೆ. ಬಾಗಿಲ ಚೌಕಟ್ಟನ್ನು ಹಳೆಯ ಧೋತರದಲ್ಲಿ ಸುತ್ತಿ ಗೋಡೆಗೆ ಆನಿಸಿದ್ದರು. ಬಯಲಲ್ಲಿ ಒಂದು ತಗಡಿನ ಕೆಳಗೆ, ಒಲೆಯ ಮುಂದೆ, ನನ್ನ ವಯಸ್ಸಿನ ಒಬ್ಬ ಹೆಂಗಸು ಕೂತು ರೊಟ್ಟಿ ಬಡಿಯುತ್ತಿದ್ದಳು. ನಾನು ಕ್ಯಾಮೆರಾ ಹಿಡಿದು ನಿಂತಿದ್ದೆ. ಆಕೆ ಗಡಬಡಿಸಿ ಎದ್ದು ಸೆರಗು ಸರಿಪಡಿಸಿಕೊಂಡಳು.

"ಬರ್ರಿ ಸಾಹೇಬ್ರ. ನೀವು ಬರೂದ್ರಾಗ ನಾವಾ ಕೆಡವೇವ್ರಿ. ನೋಡ್ಕೊಳ್ರಿ, ಒಂಬತ್ತು ಫೂಟು. ಒಂದು ಬೊಟ್ಟು ಕಮ್ಮಿ ಇಲ್ಲ."

ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಆ ದಾರಿ ಅಗಲ ಮಾಡುತ್ತಾರೆಂಬ ಮಾತು ಎಷ್ಟೋ ವರ್ಷಗಳಿಂದ ಇದೆ. ನಮ್ಮ ಕಡೆ ದಾರಿ ಅಗಲ ಮಾಡುವ ಮೊದಲು ಮನೆಗಳ ಮೇಲೆ ಕೆಂಪು ಗೆರೆ ಬೀಳುತ್ತದೆ, ಎಷ್ಟು ಅಡಿ ಹೋಗುತ್ತದೆಂಬ ಅಂಕಿ ಬೀಳುತ್ತದೆ. ಗೆರೆ ಬಿದ್ದ ಮೇಲೆ ತಿಳಿದವರು ಕಾಯುವುದಿಲ್ಲ. ಜೆಸಿಬಿ ಬಂದರೆ ತೊಲೆ, ಹಂಚು, ಚೌಕಟ್ಟು ಎಲ್ಲ ಮಣ್ಣಿನಲ್ಲಿ ಹೋಗುತ್ತವೆ. ತಾವೇ ಕೆಡವಿದರೆ ಅಷ್ಟಾದರೂ ಉಳಿಯುತ್ತವೆ. ನಾವು ಹೋದ ಭಾನುವಾರ ಈಕೆ ಮಗಳ ಬಾಣಂತನಕ್ಕೆ ರಾಣೆಬೆನ್ನೂರಿನಲ್ಲಿದ್ದಳು. ಮರಳಿ ಬಂದು ಗೆರೆ ನೋಡಿದ್ದಾಳೆ. ದಾರಿಯ ಅಂಚಿನಿಂದ ಒಳಕ್ಕೆ ಒಂಬತ್ತು ಅಡಿ ಅಳೆದಿದ್ದಾಳೆ. ಒಲೆ ಇದ್ದ, ರೊಟ್ಟಿ ಒಣಗಿಸುತ್ತಿದ್ದ, ಗಿರಾಕಿಗಳು ಬಂದು ನಿಲ್ಲುತ್ತಿದ್ದ ಇಡೀ ಮುಂಗೋಣೆ ಆ ಅಳತೆಗೆ ಸರಿಯಾಗಿ ಕೂತಿದೆ.

ಆಕೆ ಒಳಗೆ ಹೋಗಿ ಕೆಡವಿದ ಗೋಡೆಯ ಗಿಲಾವಿನ ಒಂದು ತುಂಡು ತಂದಳು. ಅದರ ಮೇಲೆ ನಮ್ಮ ಒಂಬತ್ತು.

"ನಿಮ್ಮ ಗುರುತು ಜ್ವಾಕಿ ಮಾಡಿ ಇಟ್ಟೇನ್ರಿ. ನಾಳೆ ಯಾರರೆ ಬಂದು ನೀ ಕಮ್ಮಿ ಕೆಡವೀದಿ ಅಂದ್ರ ತೋರಸಾಕ." ಆಮೇಲೆ ದನಿ ತಗ್ಗಿಸಿ, "ಇನ್ನ ಒಳಗಿಂದು ಮುಟ್ಟಾಂಗಿಲ್ಲಲ್ರೀ ಸಾಹೇಬ್ರ?"

ನಾನು ಹೇಳಬೇಕಾದ ಮಾತು ನನಗೆ ಗೊತ್ತಿತ್ತು. ಆ ಕ್ಷಣಕ್ಕೂ ನನಗೂ ನಡುವೆ ಈಗ ಅನೇಕ ಸಮಜಾಯಿಷಿಗಳು ಬೆಳೆದಿವೆ. ಬಿಸಿಲಿತ್ತು, ಆಕೆ ಹೆದರಿದ್ದಳು, ಒಮ್ಮೆಲೇ ಹೇಳಿದರೆ ಆಘಾತವಾದೀತು. ಇವೆಲ್ಲ ಆಮೇಲೆ ಬಂದವು. ಅಲ್ಲಿ ನಾನು ಮಾಡಿದ್ದು ಇಷ್ಟೆ:

"ಹೂಂ. ಮುಟ್ಟಾಂಗಿಲ್ರಿ."

ಆಕೆಯ ಮುಖ ಸಡಿಲವಾಯಿತು. ನನಗೆ ನಾಲ್ಕು ರೊಟ್ಟಿ ಕಾಗದದಲ್ಲಿ ಸುತ್ತಿ ಕೊಟ್ಟಳು. ತಗೊಂಡೆ.

ಗಾಡಿ ಹಾವೇರಿಯ ಕಡೆ ತಿರುಗಿಸಿದಾಗ ನನಗೆ ಪಾಠದ ಒಂದು ವಾಕ್ಯ ನೆನಪಾಯಿತು. ಇಂಗ್ಲಿಷ್ ದಂಡು ಬರುತ್ತಿದೆ ಎಂಬ ಸುದ್ದಿ ಮುಟ್ಟಿದ ಕೂಡಲೇ ಫ್ರಾನ್ಸಿನ ಎಷ್ಟೋ ಪಟ್ಟಣಗಳವರು ಕೋಟೆಗೋಡೆಯ ಹೊರಗಿದ್ದ ತಮ್ಮ ಮನೆಗಳನ್ನು ತಾವೇ ಕೆಡವಿದರು, ಶತ್ರುವಿಗೆ ಅಲ್ಲಿ ಆಸರೆ ಸಿಗಬಾರದೆಂದು. ದಂಡು ಕೆಲವು ಕಡೆ ಬರಲೇ ಇಲ್ಲ. ಅದನ್ನು ನಾನು ತರಗತಿಯಲ್ಲಿ ಹೇಳಿದ್ದೆ, ಪರೀಕ್ಷೆಗೆ ಬರುವುದಿಲ್ಲವೆಂದು ಒಂದೇ ಉಸಿರಿನಲ್ಲಿ. ಕೆಡವಿದ ಮೇಲೆ ಅವರು ಎಲ್ಲಿ ಅಡುಗೆ ಮಾಡಿಕೊಂಡರು ಎಂದು ಯಾರೂ ಕೇಳಲಿಲ್ಲ, ನಾನೂ ಹುಡುಕಿರಲಿಲ್ಲ.

ಆ ಭಾನುವಾರ ನನ್ನ ಗುಂಪಿನಲ್ಲೇ ಇದ್ದ ಕರ್ಜಗಿಯ ಹುಡುಗಿ ಒಂದು ದಿನ ಗ್ರಂಥಾಲಯದ ಮುಂದೆ ಸಿಕ್ಕಳು. ಯಾರಿಗಾದರೂ ಹೇಳಬೇಕೆನ್ನಿಸಿ ಆಕೆಗೆ ಹೇಳಿದೆ. ಹೇಳುವಾಗ, ಆ ಗೋಡೆಗೆ ಗುರುತು ಹಾಕಿದ ಹುಡುಗನನ್ನು ಬಯ್ಯಬಾರದು, ತಿಳಿಯದೆ ಮಾಡಿದ್ದಾನೆ ಎಂದು ದೊಡ್ಡತನವನ್ನೂ ತೋರಿದೆ.

"ಯಾವ ಹುಡುಗ್ರಿ ಸರ್?"

"ನೀಲಿ ಅಂಗಿ ಹಾಕಿದ್ದನಲ್ಲ, ಎತ್ತರದವ."

ಆಕೆ ನನ್ನ ಮುಖವನ್ನು ನೋಡಿದಳು. ತಮಾಷೆ ಮಾಡುತ್ತಿದ್ದೇನೋ ಎಂದು ಪರೀಕ್ಷಿಸುವ ಹಾಗೆ.

"ನಾವು ಬೀಗ ಹಾಕೇತಿ ಬಿಡ್ರಿ ಅಂದ್ವಿ ಸರ್. ನೀವಾ ಕುಂಚ ಕಸ್ಕೊಂಡ್ರಿ. ನೀಲಿ ಅಂಗಿ ನಿಮ್ಮದಾ ಇತ್ತು."

ಆಮೇಲೆ, "ಹೇಳಬೇಕ್ರಿ ಸರ್ ಆ ಅಕ್ಕಾರಿಗೆ. ಅವರು ರಸ್ತಾ ಬರತೈತಂತ ಕಾಯ್ಕೋಂತ ಕುಂತಿರ್ತಾರ," ಅಂದಳು.

ಅದು ನಿಜವಾಗಿತ್ತು. ಆಕೆ ಕೆಡವಿದ ಜಾಗದಲ್ಲಿ ಮತ್ತೆ ಕಟ್ಟುವ ಹಾಗಿರಲಿಲ್ಲ; ಬಾರದ ದಾರಿಗೆ ಜಾಗ ಬಿಟ್ಟುಕೊಟ್ಟು ಕುಳಿತಿದ್ದಳು. ನಾನು ಹೇಳುವವರೆಗೆ ಹಾಗೇ ಕೂತಿರುತ್ತಾಳೆ. ಹೇಳಲೆಂದೇ ಹೋಗುತ್ತಿದ್ದೆ, ರೊಟ್ಟಿ ಕೊಂಡು ಬರುತ್ತಿದ್ದೆ. ನಮ್ಮ ಮನೆಯ ಡಬ್ಬಿಗಳು ತುಂಬಿದವು. "ಮನ್ಯಾಗ ರೊಟ್ಟಿ ಮಾಡೋರು ಸತ್ತಾರೇನು?" ಎಂದು ಹೆಂಡತಿ ಕೇಳಿದಳು. ಪುಸ್ತಕದ ಕೆಲಸ ಎಂದೆ.

ಪ್ರತಿ ಸಲ ಹೋದಾಗಲೂ ಆ ಬಯಲೊಲೆಯ ಬಗ್ಗೆ ಒಂದೊಂದು ಹೊಸದು ತಿಳಿಯುತ್ತಿತ್ತು. ಗಾಳಿ ಬಂದರೆ ರೊಟ್ಟಿ ಬೇಯಿಸುವ ಹಂಚು ಒಂದೇ ಬದಿ ಕಾಯುತ್ತದೆ. ದಾರಿಯ ಧೂಳು ಹಿಟ್ಟಿಗೆ ಬರುತ್ತದೆ. ಹೊಗೆ ಪಕ್ಕದ ಮನೆಗೆ ಹೋಗುತ್ತದೆ. ಪಕ್ಕದ ಮನೆ ಆಕೆಯ ಮೈದುನನದು, ಮುಂದೆ ಪಂಕ್ಚರ್ ಅಂಗಡಿ. ಕೆಡವಬೇಡವೆಂದು ಅವನು ಮೊದಲೇ ಹೇಳಿದ್ದನಂತೆ. ಈಗ ಗಿರಾಕಿಗಳ ಟ್ಯೂಬು ನೀರಿಗೆ ಅದ್ದುತ್ತ ಅಲ್ಲಿಂದಲೇ ಚುಚ್ಚುತ್ತಿದ್ದ.

"ನಮ್ಮ ಅತ್ತಿಗಿ ಮುಂಜಾನೆದ್ದು ಮನಿ ಕೆಡವಿ ಕುಂತಾಳ. ರಸ್ತಾ ಮಾತ್ರ ಇನ್ನ ಮಕ್ಕೊಂಡೈತಿ."

"ನಗು ನಗು. ಜೆಸಿಬಿ ಬಾಯಾಗ ನಿನ್ನ ಬಾಗಲಾ ಇದ್ದಾಗ ನಾನೂ ಇಲ್ಲೇ ಕುಂತು ನಗ್ತೇನಿ."

ಈ ಜಗಳದಲ್ಲಿ ಆಕೆಗೆ ನನ್ನ ಹಾಜರಿ ಬಲ ಕೊಡುತ್ತಿತ್ತು. ಸಾಹೇಬರು ಆಗಾಗ ಬರುತ್ತಿದ್ದಾರೆಂದರೆ ದಾರಿ ಬರುತ್ತದೆ ಎಂದೇ ಅರ್ಥ. ನಾನು ಬಂದು ಹೋದಷ್ಟೂ ಆಕೆಯ ನಂಬಿಕೆ ಗಟ್ಟಿಯಾಗುತ್ತಿತ್ತು.

ಮೇ ತಿಂಗಳಲ್ಲಿ ಒಂದು ಅಡ್ಡಮಳೆ ಬಂತು. ಮದುವೆಯೊಂದಕ್ಕೆಂದು ಮಾಡಿ ಜೋಡಿಸಿಟ್ಟಿದ್ದ ರೊಟ್ಟಿಗಳೆಲ್ಲ ತಗಡಿನ ಕೆಳಗೆ ಎರಚಲಿಗೆ ಸಿಕ್ಕಿ ಮೆತ್ತಗಾದವು. ಖಡಕ್ ರೊಟ್ಟಿ ಮೆತ್ತಗಾದರೆ ದನಕ್ಕೆ ಹಾಕುವುದೇ. ಮದುವೆಯವರು ಬೇರೆ ಕಡೆ ಹೋದರು. ಮರುದಿನ ನಾನು ಹೋದಾಗ ಆಕೆ ಒಲೆಯ ಬೂದಿಯ ಕೆಸರನ್ನು ಕೈಯಿಂದ ಬಳಿದು ತೆಗೆಯುತ್ತಿದ್ದಳು. ಮೈದುನನ ಅಂಗಡಿ ಇನ್ನೂ ತೆರೆದಿರಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಹೇಳಿದೆ.

"ಅಕ್ಕಾರ, ನಾ ಸಾಹೇಬ ಅಲ್ರಿ. ಕಾಲೇಜಿನ್ಯಾಗ ಮಾಸ್ತರ. ಆ ಗೆರಿ ರಸ್ತಾದ್ದಲ್ಲ. ನಾನಾ ಎಳದದ್ದು."

ಆಕೆ ಬೂದಿ ಬಳಿಯುತ್ತಲೇ ಇದ್ದಳು. "ನೀವು ಯಾಕ ಎಳೀತೀರಿ?"

"ಪಾಠಕ್ಕರಿ. ಹಿಂದಕ ಒಂದು ದಂಡು ಹಿಂಗ ಊರು ಸುಡ್ಕೋಂತ ಹೋಗಿತ್ತು. ಅದು ಹೆಂಗ ಹೋತಂತ ಹುಡುಗ್ರಿಗೆ ತೋರಸಾಕ."

"ಯಾವ ದಂಡು? ಬ್ಯಾಡಗಿಗೆ ಬಂದಿತ್ತ?"

"ಇಲ್ರಿ. ಇಂಗ್ಲೆಂಡಿನವರು ಫ್ರಾನ್ಸ್ ಅನ್ನೂ ದೇಶದ ಮ್ಯಾಲೆ ಹೋಗಿದ್ರು. ಆರೇಳ್ನೂರು ವರ್ಷ ಆತು."

"ಅದು ಅವರವರ ಜಗಳ. ನಡಕ ನನ್ನ ಮನಿ ಯಾಕ ಬಂತು?"

ನಾನು ಕೆಸರಿನಲ್ಲಿದ್ದ ಒಲೆಯ ಕಲ್ಲೊಂದನ್ನು ಎತ್ತಿ ಪಕ್ಕಕ್ಕಿಟ್ಟೆ.

"ಒಂಬತ್ತು ಅಂದ್ರ?"

"ಒಂಬತ್ತನೇ ಮನಿ ಅಂತ್ರಿ."

"ಫೂಟು ಅಲ್ಲ."

"ಅಲ್ರಿ."

ಆಕೆ ಕೈ ತೊಳೆದುಕೊಂಡಳು. ಬಹಳ ಹೊತ್ತು ತೊಳೆದುಕೊಂಡಳು ಎಂದು ಬರೆಯಬೇಕೆನ್ನಿಸುತ್ತದೆ. ಹಾಗೆ ಇತ್ತೋ, ನನಗೆ ಹಾಗೆ ಅನ್ನಿಸಿತೋ ತಿಳಿಯದು. ಆಮೇಲೆ ಮೈದುನನ ಮುಚ್ಚಿದ ಬಾಗಿಲ ಕಡೆ ನೋಡಿ, "ಮೆಲ್ಲಕ ಮಾತಾಡ್ರಿ," ಅಂದಳು.

ಗೋಡೆ ನಾನು ಕಟ್ಟಿಸಿಕೊಡುತ್ತೇನೆ ಎಂದೆ. ತಪ್ಪು ನನ್ನದೆಂದು ಓಣಿಯವರ ಮುಂದೆ ನಾನೇ ಹೇಳುತ್ತೇನೆ, ಹುಡುಗರನ್ನೂ ಕರೆತರುತ್ತೇನೆ ಎಂದೆ. ಹೇಳುತ್ತಾ ಹೇಳುತ್ತಾ ನನಗೆ ಹಗುರವಾಗುತ್ತಿತ್ತು. ಆಕೆ ಅದನ್ನು ಅಲ್ಲೇ ನಿಲ್ಲಿಸಿದಳು.

"ನೀವು ಹೇಳ್ತೀರಿ, ಹಾವೇರಿಗೆ ಹೋಗ್ತೀರಿ. ನಾ ಇಲ್ಲೇ ಇರಬೇಕು. ಹುಡುಗ್ರು ಆಟಕ್ಕ ಗೆರಿ ಕೊರದ್ರು, ಈಕಿ ಅದನ್ನ ನೋಡಿ ಮನೀನಾ ಕೆಡವಿದ್ಲು ಅಂತ ನಾ ಸಾಯೂತನಕ ನಗ್ತಾರ. ಸತ್ತ ಮ್ಯಾಲೂ ನಗ್ತಾರ. ಆ ನನ್ನ ಮೈದುನಗ ಇದೊಂದು ಸಿಕ್ಕರ ಸಾಕು."

"ಮತ್ತೇನ ಮಾಡೂದ್ರಿ?"

"ಯಾರ ಮುಂದೂ ಉಸರ ಬಿಡಬ್ಯಾಡ್ರಿ. ಆಣಿ ಮಾಡ್ರಿ."

ಮಾಡಿದೆ. ಈ ಪುಟಗಳು ಆ ಆಣೆಯನ್ನು ಮುರಿಯುತ್ತಿವೆ. ಆಕೆ ಮಾರುವುದು ರೊಟ್ಟಿಯೇ ಅಲ್ಲದಿರಬಹುದು, ಮನೆ ಊರಿನ ಇನ್ನೊಂದು ಕಡೆ ಇರಬಹುದು, ಮೈದುನ ಮೈದುನನಲ್ಲದಿರಬಹುದು. ಅಷ್ಟು ಬದಲಿಸಿದ್ದೇನೆ. ಅಷ್ಟು ಸಾಕೇ ಎಂಬುದು ನನಗೆ ಗೊತ್ತಿಲ್ಲ. ಗೊತ್ತಿಲ್ಲದೆಯೂ ಬರೆಯುತ್ತಿದ್ದೇನೆ. ಕುಂಚ ಕಸಿದುಕೊಂಡ ಕೈ ಇದೇ.

ಆಕೆ ಒಲೆಯ ಕಲ್ಲುಗಳನ್ನು ಮತ್ತೆ ಹೂಡುತ್ತ ಯೋಚಿಸಿದಳು. ಕೊನೆಗೆ ಹೇಳಿದ್ದು ನಾನು ಎಣಿಸಿರದ ಮಾತು.

"ಅವತ್ತ ಸಾಹೇಬ್ರ ಅಂದಾಗ ಹೂಂ ಅಂದ್ರೆಲ್ಲ, ಇವತ್ತೂ ಅನ್ರಿ. ಅಂವಾ ಅಂಗಡಿ ತಗೀಲಿ. ರಸ್ತಾ ಈ ಕಡೆ ಬರಾಂಗಿಲ್ಲ, ಪ್ಲಾನ್ ಬದಲಾಗೇತಿ ಅಂತ ಅವನ ಮುಂದ ನಿಂತು ಹೇಳ್ರಿ. ಇಟ್ಟಂಗಿ ನೀವಾ ಕಳಸ್ರಿ. ಸರಕಾರ ಕೊಟ್ಟೈತಿ ಅಂತೇನಿ."

"ಅಕ್ಕಾರ, ಅದು ಸುಳ್ಳಲ್ರೀ..."

"ಒಂಬತ್ತು ಖರೇ ಇತ್ತೇನ್ರಿ?"

ಮೈದುನ ಬಂದ. ಅಂಗಡಿಯ ಹಲಗೆ ತೆಗೆದ, ನೀರಿನ ಬೋಗುಣಿ ಹೊರಗಿಟ್ಟ. ನಾನು ಹೋಗಿ ಅವನ ಮುಂದೆ ನಿಂತೆ. ಎಷ್ಟೋ ವರ್ಷ ತರಗತಿಯಲ್ಲಿ ಮಾತಾಡಿದ ಗಂಟಲು ಅದಕ್ಕೆ ಬೇಕಾದ ದನಿಯನ್ನು ತಾನೇ ಹುಡುಕಿಕೊಂಡಿತು. ರಸ್ತೆಯ ಯೋಜನೆ ಬದಲಾಗಿದೆ, ಈ ಬದಿಗೆ ಬರುವುದಿಲ್ಲ, ನಿಮ್ಮ ಅತ್ತಿಗೆಯವರು ಸರಿಯಾದ ಹೊತ್ತಿಗೆ ಸರಿಯಾದದ್ದನ್ನೇ ಮಾಡಿದ್ದರು, ಈಗ ಕಟ್ಟಿಕೊಳ್ಳಬಹುದು ಎಂದೆ. ಆ 'ಸರಿಯಾದದ್ದನ್ನೇ' ಆಕೆ ಹೇಳಿಕೊಟ್ಟದ್ದಲ್ಲ. ನಾನು ಸೇರಿಸಿದ್ದು.

ಅವನು ಕೈಯಲ್ಲಿದ್ದ ಟ್ಯೂಬನ್ನು ಕೆಳಗಿಟ್ಟ. ನಗುತ್ತಾನೆಂದುಕೊಂಡಿದ್ದೆ. ನಗಲಿಲ್ಲ.

"ಛಲೋ ಆತು ಬಿಡ್ರಿ," ಅಂದ. ಆಮೇಲೆ ಆಕೆಯ ಕಡೆ ತಿರುಗಿ, "ಅತ್ತಿಗಿ, ಮಿರಗದ ಮಳಿ ಬರೂದ್ರಾಗ ಗ್ವಾಡಿ ಎತ್ತೂಣು. ನನ್ನ ದೋಸ್ತ ಗೌಂಡಿ ಅದಾನ, ಹೇಳ್ತೇನಿ."

"ಈಗರೆ ಬಂತೇನು ಬುದ್ಧಿ."

"ನನ್ನ ಮನೀಗೆ ಹೊಗಿ ಬರೂದು ನಿಂದ್ರಲೆವಾ. ಅದಕ್ಕ ಅಂದೆ."

ಚಹಾ ಬಂತು. ನನ್ನನ್ನು ಅಂಗಡಿಯ ಒಂದೇ ಒಂದು ಕುರ್ಚಿಯ ಮೇಲೆ ಕೂರಿಸಿದ. ತಾನು ಟೈರಿನ ಮೇಲೆ ಕುಳಿತ.

"ಖರೇ ಹೇಳ್ತೇನ್ರಿ ಸಾಹೇಬ್ರ, ಗುರುತು ಹಾಕಿ ಹೋಗೂ ಮಂದಿ ಬಾಳ ನೋಡೇನಿ. ವಾಪಸ್ ಬಂದು ಇಲ್ಲಂತ ಹೇಳೂ ಮನುಷ್ಯಾನ್ನ ನೋಡಿದ್ದಿಲ್ಲ. ದೇವರಂಥಾವ್ರು ನೀವು."

ಚಹಾ ಬಿಸಿ ಇತ್ತು, ಬಹಳ ಸಿಹಿ ಇತ್ತು. ಪೂರ್ತಿ ಕುಡಿದೆ. ಓಣಿಯ ಇನ್ನಿಬ್ಬರು ಬಂದು ನಿಂತಿದ್ದರು. ಮೈದುನ ಅವರಿಗೂ ನನ್ನನ್ನು ತೋರಿಸಿದ.

"ಇನ್ನೊಂದು ಇತ್ರಿ ಸಾಹೇಬ್ರ. ನಮ್ಮ ಓಣಿ ನಳಕ್ಕ ನೀರು ಸರಿಯಾಗಿ ಬರಾಂಗಿಲ್ಲ. ನೀವು ಒಂದು ಮಾತು ಆಡಿದ್ರ ಆಗತೈತಿ."

ಆಕೆ ಬಯಲೊಲೆಯ ಮುಂದೆ ಕೂತು ಹಂಚು ಕಾಯುವುದನ್ನೇ ನೋಡುತ್ತಿದ್ದಳು. ನನ್ನ ಕಡೆ ತಿರುಗಲಿಲ್ಲ. ನಾಲ್ಕೂ ಜನ ಕಾಯುತ್ತಿದ್ದರು.

"ನೋಡ್ತೇನ್ರಿ," ಅಂದೆ.